ಸಾವಿನ ಮನೆಯ ಹಾಡು, ತಿಥಿಯ ಹಾಲ್, ಲೈವ್ ಲಿಂಕ್: ಪರವಾನಗಿ ಎಲ್ಲಿ ಬೇಕು, ಎಲ್ಲಿ ಬೇಡ

“ಅಪ್ಪಂಗೆ ಇಷ್ಟದ ಹಾಡೆಲ್ಲ ಇದ್ರಲ್ಲಿದೆ, ಹಾಕ್ಬಿಡಿ ಅಣ್ಣ” ಎಂದು ಪೆನ್‌ಡ್ರೈವ್ ಕೈಗಿಡುತ್ತಾರೆ. ಶಾಮಿಯಾನದವರು ಇನ್ನೂ ಕಂಬ ನಿಲ್ಲಿಸುತ್ತಿರುತ್ತಾರೆ. ಫ್ರೀಜರ್ ಪೆಟ್ಟಿಗೆಗೆ ಕರೆಂಟು ಎಲ್ಲಿಂದ ಎಳೆಯುವುದೆಂದು ಅಕ್ಕಪಕ್ಕದವರು ನೋಡುತ್ತಿರುತ್ತಾರೆ. ಹೊರದೇಶದಲ್ಲಿರುವ ಮಗಳು ಟಿಕೆಟ್ ಸಿಗದೆ ಲೈವ್ ಲಿಂಕ್‌ಗೆ ಕಾದು ಕೂತಿರುತ್ತಾಳೆ. ಅಂಥ ಹೊತ್ತಿನಲ್ಲಿ ಕಾಪಿರೈಟ್ ಮಾತು ಎತ್ತಿದರೆ ಕಟುವಾಗಿ ಕೇಳಿಸುತ್ತದೆ. ಎತ್ತದಿದ್ದರೆ ಪೆಟ್ಟು ಬೀಳುವುದು ಮನೆಯವರಿಗೇ. ಕೊಡಬೇಕಿಲ್ಲದ ದುಡ್ಡನ್ನು ಹೆದರಿ ಕೊಟ್ಟುಬಿಡುತ್ತಾರೆ, ಇಲ್ಲವೇ ಚಿತೆಗೆ ಬೆಂಕಿ ಇಡುವ ಹೊತ್ತಿಗೆ ಸರಿಯಾಗಿ ಲೈವ್ ನಿಂತುಹೋಗುತ್ತದೆ.

ಸೌಂಡ್ ಮತ್ತು ಲೈವ್ ಎರಡೂ ನೋಡಿಕೊಳ್ಳುವ ನಾವು ಮೊದಲ ಫೋನ್ ಕರೆಯಿಂದ ಹದಿಮೂರನೇ ದಿನದ ನುಡಿನಮನದವರೆಗೆ ಹಾಡುಗಳ ವಿಷಯದಲ್ಲಿ ಏನೇನು ಮಾಡುತ್ತೇವೆ ಎಂಬುದನ್ನು ಇಲ್ಲಿ ಬರೆದಿದ್ದೇವೆ. ಶಾಮಿಯಾನ, ಮೈಕ್‌ಸೆಟ್, ಕ್ಯಾಮೆರಾ ಕೆಲಸದವರಿಗೂ ಮನೆಯ ಪರವಾಗಿ ಓಡಾಡುವ ಅಳಿಯ, ಸೋದರಳಿಯಂದಿರಿಗೂ ಉಪಯೋಗಕ್ಕೆ ಬರಲಿ ಎಂಬುದು ಆಸೆ.

ಫೋನ್ ಬಂದ ಕೂಡಲೇ ಒಂದು ಪ್ರಶ್ನೆ ಕೇಳುತ್ತೇವೆ: ಹಾಡು ಎಲ್ಲೆಲ್ಲಿ ಕೇಳಿಸಬೇಕು? ಮನೆ ಮುಂದೆ, ಸ್ಮಶಾನದಲ್ಲಿ ಕ್ರಿಯೆ ನಡೆಯುವಾಗಲೇ? ಹನ್ನೊಂದು, ಹದಿಮೂರನೇ ದಿನ ಬಾಡಿಗೆ ಹಾಲ್‌ನಲ್ಲೇ? ಅಥವಾ ಇಂಟರ್ನೆಟ್ಟಿನಲ್ಲೂ ಹೋಗಬೇಕೇ? ಒಂದೇ ಹಾಡು ಮೊದಲನೆಯ ಜಾಗದಲ್ಲಿ ಕಾನೂನಿನ ಪ್ರಕಾರ ಪೂರ್ತಿ ಮುಕ್ತವಾಗಿರುತ್ತದೆ, ಎರಡನೆಯದರಲ್ಲಿ ಅನುಮತಿ ಬೇಡುತ್ತದೆ, ಮೂರನೆಯದರಲ್ಲಿ ಮನುಷ್ಯರು ನೋಡುವ ಮೊದಲೇ ಯಂತ್ರ ಹಿಡಿದುಬಿಡುತ್ತದೆ. ಈ ಮೂರನ್ನು ಕಲಸಿಕೊಂಡರೆ ಮುಂದಿನದೆಲ್ಲ ಗೊಂದಲವೇ.

ಎರಡನೆಯ ಪ್ರಶ್ನೆ, ಹಾಡು ಯಾರದು ಎಂಬುದು. ಕಿವಿಗೆ ಒಂದೇ ಹಾಡಾದರೂ 1957ರ ಕಾಪಿರೈಟ್ ಕಾಯ್ದೆಯ ಲೆಕ್ಕದಲ್ಲಿ ಅದು ಮೂರು ಸ್ವತ್ತು: ಸಾಹಿತ್ಯ, ರಾಗಸಂಯೋಜನೆ, ಧ್ವನಿಮುದ್ರಣ. ಸಾಹಿತ್ಯ ಬರೆದವರ ಹಕ್ಕು ಅವರು ಬದುಕಿರುವವರೆಗೂ ಇರುತ್ತದೆ, ತೀರಿಕೊಂಡ ಮರುವರ್ಷದ ಜನವರಿ 1ರಿಂದ ಎಣಿಸಿ ಇನ್ನೂ 60 ವರ್ಷ ಉಳಿಯುತ್ತದೆ. ಧಾಟಿ ಕಟ್ಟಿದವರದೂ ಹಾಗೆಯೇ. ಧ್ವನಿಮುದ್ರಣಕ್ಕೆ ಮಾತ್ರ ಯಾರ ಆಯಸ್ಸೂ ಲೆಕ್ಕಕ್ಕಿಲ್ಲ. ಅದು ಮೊದಲು ಹೊರಬಂದ ವರ್ಷದ ಮರುವರ್ಷದಿಂದ 60 ವರ್ಷ.

ಹೀಗಾಗಿ ಬಸವಣ್ಣನವರ ವಚನ, ಪುರಂದರದಾಸರ ಪದ, 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ತತ್ವಪದ, ಇವುಗಳ ಸಾಹಿತ್ಯಕ್ಕೆ ಯಾರ ಅಪ್ಪಣೆಯೂ ಬೇಡ. ಕುವೆಂಪು 1994ರಲ್ಲಿ ತೀರಿಕೊಂಡರು. ಅವರ ಕವಿತೆಗಳಿಗೆ 2054ರ ಡಿಸೆಂಬರ್ 31ರವರೆಗೆ ಹಕ್ಕಿದೆ. ಡಿವಿಜಿ 1975ರಲ್ಲಿ ತೀರಿಕೊಂಡದ್ದರಿಂದ ಕಗ್ಗಕ್ಕೆ 2035ರ ಕೊನೆಯವರೆಗೆ. ಆದರೆ ನುಡಿನಮನದಲ್ಲಿ ಕಗ್ಗದ ನಾಲ್ಕಾರು ಪದ್ಯ ಓದುವುದಕ್ಕೆ ಯಾರನ್ನೂ ಕೇಳಬೇಕಿಲ್ಲ. ಪ್ರಕಟವಾದ ಕೃತಿಯ ಮಿತವಾದ ಭಾಗವನ್ನು ಸಭೆಯಲ್ಲಿ ಓದುವುದಕ್ಕೆ ಕಾಯ್ದೆಯಲ್ಲೇ ಬೇರೆ ವಿನಾಯಿತಿ ಇದೆ. ಅದನ್ನೇ ಯಾರೋ ಧಾಟಿ ಹಾಕಿ ಹಾಡಿರುವ ಸಿಡಿ ಹಾಕಿದರೆ ವಿಷಯ ಬೇರೆಯಾಗುತ್ತದೆ.

ಜನ ಹೆಚ್ಚಾಗಿ ಎಡವುವುದು ಇಲ್ಲೇ. “ವಚನ ತಾನೇ, ಅದಕ್ಕೆಂಥ ಕಾಪಿರೈಟು” ಎನ್ನುತ್ತಾರೆ. ವಚನ 12ನೇ ಶತಮಾನದ್ದು ನಿಜ. ಕೈಯಲ್ಲಿರುವ ಕ್ಯಾಸೆಟ್ 1984ರದ್ದಾದರೆ ಆ ಧ್ವನಿಮುದ್ರಣದ ಹಕ್ಕು 2044ರ ಕೊನೆಯವರೆಗೂ ಜೀವಂತ, ಅದಕ್ಕೆ ಸಂಗೀತ ಕೊಟ್ಟವರ ಹಕ್ಕು ಅವರ ಆಯಸ್ಸನ್ನು ಹಿಡಿದು ಇನ್ನೂ ದೂರ ಹೋಗುತ್ತದೆ. ಇದಕ್ಕೆ ತಿರುಗಾಮುರುಗಾ ಉದಾಹರಣೆಯೂ ಇದೆ: 1964ರಲ್ಲಿ ಹೊರಬಂದ ಸಿನಿಮಾ ಹಾಡಿನ ಧ್ವನಿಮುದ್ರಣದ ಹಕ್ಕು 2024ರ ಡಿಸೆಂಬರ್ 31ಕ್ಕೆ ಮುಗಿದಿದೆ, ಆದರೆ ಬರೆದವರು 1990ರಲ್ಲಿ ತೀರಿಕೊಂಡಿದ್ದರೆ ಸಾಹಿತ್ಯದ ಹಕ್ಕು 2050ರವರೆಗೆ ಇದೆ.

ವರ್ಷ ಗೊತ್ತಾಗುವುದು ಹೇಗೆ? ಕ್ಯಾಸೆಟ್ಟಿನ ಒಳಹಾಳೆಯನ್ನು ಬಿಡಿಸಿ ನೋಡಿ. ಮಡಿಕೆಯ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ, ವೃತ್ತದೊಳಗೆ ಇಂಗ್ಲಿಷಿನ ‘ಪಿ’ ಅಕ್ಷರವೂ ಅದರ ಪಕ್ಕ ಒಂದು ಇಸವಿಯೂ ಕಂಪನಿಯ ಹೆಸರೂ ಇರುತ್ತವೆ. ಅದು ಧ್ವನಿಮುದ್ರಣದ ಗುರುತು. ವೃತ್ತದೊಳಗಿನ ‘ಸಿ’ ಹೊದಿಕೆಯ ಚಿತ್ರಕ್ಕೂ ಬರಹಕ್ಕೂ ಸೇರಿದ್ದು, ಅದನ್ನು ಹಿಡಿದು ಲೆಕ್ಕ ಹಾಕಬಾರದು. ಮುದ್ರಿಸಿದವರ ಹೆಸರು, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ, ಇಷ್ಟನ್ನೂ ಹೊದಿಕೆಯ ಮೇಲೆ ಹಾಕಲೇಬೇಕೆಂದು ಕಾಯ್ದೆಯ ಕಲಂ 52ಎ ಹೇಳುತ್ತದೆ. ಆ್ಯಪ್‌ನಲ್ಲಿ ಹಾಡಿನ ಕೆಳಗೆ ತೋರಿಸುವ ಇಸವಿಯನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. 1970ರ ದಶಕದ ಹಾಡಿಗೆ ಅದನ್ನು ಇಂಟರ್ನೆಟ್ಟಿಗೆ ಏರಿಸಿದ ವರ್ಷವನ್ನು ಹಾಕಿರುವುದು ಎಷ್ಟೋ ಕಡೆ ಇದೆ.

ಇವಿಷ್ಟನ್ನೂ ಒಂದು ಎ4 ಹಾಳೆಯಲ್ಲಿ ಬರೆದುಕೊಳ್ಳುತ್ತೇವೆ. ಎಡಗಡೆ ಹಾಡು, ಅದರ ಮುಂದೆ ಸಾಹಿತ್ಯ, ಧಾಟಿ, ಧ್ವನಿಮುದ್ರಣ ಎಂಬ ಮೂರು ಮನೆ, ಕೊನೆಯಲ್ಲಿ ಎಲ್ಲಿ ಹಾಕುವುದೆಂಬ ಮನೆ. ಬರೆಯುವುದಕ್ಕೆ ಇಪ್ಪತ್ತು ನಿಮಿಷ ಸಾಕು. ಮನೆಯವರಲ್ಲಿ ಸಮಾಧಾನವಾಗಿರುವ ಒಬ್ಬರನ್ನು ಪಕ್ಕಕ್ಕೆ ಕರೆದು ಬರೆಸಬೇಕು. ಅಮ್ಮನನ್ನೋ ಹಿರಿಮಗನನ್ನೋ ಇದಕ್ಕೆ ಕೂರಿಸಬೇಡಿ.

ಕ್ರಿಯೆ ನಡೆಯುವಾಗ

ಇನ್ನು ಮನೆಯವರಿಗೆ ನೆಮ್ಮದಿ ಕೊಡುವ ಮಾತು. ಕಾಯ್ದೆಯ ಕಲಂ 52(1)(ಝಡ್‌ಎ) ಎಂಬುದೊಂದಿದೆ. ಪ್ರಾಮಾಣಿಕವಾಗಿ ನಡೆಯುವ ಧಾರ್ಮಿಕ ವಿಧಿಯ ಸಂದರ್ಭದಲ್ಲಿ, ಅಥವಾ ಕೇಂದ್ರ, ರಾಜ್ಯ ಸರ್ಕಾರ ಇಲ್ಲವೇ ಸ್ಥಳೀಯ ಸಂಸ್ಥೆ ನಡೆಸುವ ಅಧಿಕೃತ ಸಮಾರಂಭದಲ್ಲಿ, ಹಾಡನ್ನು ಹಾಡಿದರೂ ಧ್ವನಿಮುದ್ರಣ ಹಾಕಿದರೂ ಅದು ಉಲ್ಲಂಘನೆಯಲ್ಲ ಎನ್ನುತ್ತದೆ. 1994ರ ತಿದ್ದುಪಡಿಯಲ್ಲಿ ಬಂದ ಅವಕಾಶ ಇದು. ಹೆಣದ ಮುಂದೆ ರಾತ್ರಿಯಿಡೀ ಕೂತು ಮಾಡುವ ಭಜನೆ, ಲಿಂಗೈಕ್ಯರಾದವರ ಮುಂದಿನ ವಚನ, ಚರ್ಚಿನ ಬಲಿಪೂಜೆಯ ಗೀತೆ, ಸ್ಮಶಾನದವರೆಗಿನ ಮೆರವಣಿಗೆಯ ಬ್ಯಾಂಡು, ಹಾಲುತುಪ್ಪದ ದಿನ ಸಮಾಧಿಯ ಹತ್ತಿರದ ಪ್ರಾರ್ಥನೆ, ಇವೆಲ್ಲ ವಿಧಿಯ ಒಳಗೇ ಇರುವಂಥವು. ಸಕಲ ಸರ್ಕಾರಿ ಗೌರವದೊಂದಿಗೆ ನಡೆಯುವ ಅಂತ್ಯಕ್ರಿಯೆಯಲ್ಲಿ ಪೊಲೀಸ್ ಬ್ಯಾಂಡ್ ನುಡಿಸುವುದು ಅಧಿಕೃತ ಸಮಾರಂಭದ ಲೆಕ್ಕಕ್ಕೆ ಬರುತ್ತದೆ. ತಮಟೆ, ಹಲಗೆಯ ಪೆಟ್ಟುಗಳಿಗಂತೂ ಯಾವ ಕಾಲಕ್ಕೂ ಒಡೆಯರೆಂದಿಲ್ಲ. ಬಡಿಯುವವರ ಕೂಲಿಯನ್ನು ಮಾತ್ರ ಅದೇ ದಿನ, ಅವರ ಕೈಗೇ ಕೊಡಿ.

ಈ ಕಲಮಿನ ಕೆಳಗೆ ಒಂದು ವಿವರಣೆ ಇದೆ. ಧಾರ್ಮಿಕ ವಿಧಿ ಎಂದರೆ ಮದುವೆಯ ದಿಬ್ಬಣವೂ ಮದುವೆಗೆ ಸಂಬಂಧಿಸಿದ ಸಾಮಾಜಿಕ ಸಂಭ್ರಮವೂ ಸೇರುತ್ತವೆ ಎನ್ನುತ್ತದೆ. ಸಾವಿನ ಹೆಸರು ಅಲ್ಲಿಲ್ಲ. ಅದನ್ನು ಓದಿದ ಕೆಲವರು “ಮದುವೆಗೆ ಮಾತ್ರ ಮಾಫಿ, ತಿಥಿಗೆ ಇಲ್ಲ” ಎಂದು ವಾದಿಸುತ್ತಾರೆ. ಅದು ತಪ್ಪು ಓದು. ವಿವರಣೆ ಇರುವುದು ಮದುವೆಯ ಸುತ್ತಲಿನ ಸಂಭ್ರಮವನ್ನೂ ಒಳಗೆ ತರುವುದಕ್ಕೆ. ಶವಸಂಸ್ಕಾರ, ಉತ್ತರಕ್ರಿಯೆಗಳು ತಾವೇ ಧಾರ್ಮಿಕ ವಿಧಿಗಳಾದ್ದರಿಂದ ಮೂಲ ವಾಕ್ಯದಲ್ಲೇ ಬರುತ್ತವೆ. ಆದರೆ ಆ ವಾಕ್ಯವನ್ನು ಎಷ್ಟು ಬೇಕಾದರೂ ಹಿಗ್ಗಿಸಲು ಬರುವುದಿಲ್ಲ. ಮದುವೆಯಲ್ಲಿ ಹಾಡು ಹಾಕಲು ಪರವಾನಗಿ ಬೇಡ ಎಂದ 2019ರ ಸರ್ಕಾರಿ ಸೂಚನೆಯೊಂದನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2022ರಲ್ಲಿ ರದ್ದು ಮಾಡಿತು. ಗೋವಾ ಸರ್ಕಾರ 2024ರ ಜನವರಿಯಲ್ಲಿ ಹೊರಡಿಸಿದ ಅಂಥದೇ ಸುತ್ತೋಲೆ ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠದಲ್ಲಿ ಬಿದ್ದುಹೋಯಿತು. ಸುತ್ತೋಲೆಯ ಪ್ರತಿ ಇಟ್ಟುಕೊಂಡು ಓಡಾಡುವುದಕ್ಕಿಂತ ಕಾಯ್ದೆಯ ಕಲಮನ್ನೇ ಅಚ್ಚು ಹಾಕಿಸಿ ಇಟ್ಟುಕೊಳ್ಳಿ ಎನ್ನುವುದು ಇದಕ್ಕೇ.

ಪೊಲೀಸ್ ಠಾಣೆಯಿಂದ ಪಡೆಯುವ ಮೈಕ್ ಅನುಮತಿ ಪೂರ್ತಿ ಬೇರೆ ವಿಷಯ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು ಎನ್ನುವುದು 2000ದ ಶಬ್ದಮಾಲಿನ್ಯ ನಿಯಮ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಮೈಕ್ ಹಾಕುವಂತಿಲ್ಲ. ಹಾಗಾಗಿ ರಾತ್ರಿ ಭಜನೆಗೆ ಹಾರ್ಮೋನಿಯಂ, ತಾಳ, ಬರಿಗಂಟಲು ಸಾಕು. ಕಾಪಿರೈಟ್ ವಿನಾಯಿತಿ ಇದೆ ಎಂದು ಮೈಕ್ ಅನುಮತಿ ಬಿಡಬೇಡಿ. ಮೈಕ್ ಅನುಮತಿ ಸಿಕ್ಕಿತು ಎಂದು ಹಾಡಿನ ಹಕ್ಕೂ ಸಿಕ್ಕಿತು ಅಂದುಕೊಳ್ಳಬೇಡಿ.

ಹಾಡು ಹಾಕುವ ಸಾಧನದ ಬಗ್ಗೆ ಒಂದು ಮಾತು. ಯಾರದೋ ಫೋನಿನ ಉಚಿತ ಖಾತೆಯಿಂದ ನೇರ ಹಾಡು ಹಾಕಿದರೆ ಮೌನಾಚರಣೆಯ ಎರಡನೇ ನಿಮಿಷದಲ್ಲಿ ಜಾಹೀರಾತು ಜೋರಾಗಿ ಕೂಗುತ್ತದೆ. ಆ ಗಳಿಗೆಯನ್ನು ಆಮೇಲೆ ಯಾರಿಂದಲೂ ಸರಿಮಾಡಲು ಆಗುವುದಿಲ್ಲ. ಅಲ್ಲದೆ ಅಂಥ ಆ್ಯಪ್‌ಗಳ ಒಪ್ಪಂದ ಸ್ವಂತ ಬಳಕೆಗೆ ಮಾತ್ರ ಎಂದು ಹೇಳುತ್ತದೆ. ಕೊಂಡ ಸಿಡಿ, ಕೊಂಡ ಫೈಲ್ ಇದ್ದರೆ ಅದನ್ನೇ ಬಳಸುತ್ತೇವೆ. ಫೋನೇ ಗತಿ ಎಂದಾದರೆ ಹಾಡನ್ನು ಮೊದಲೇ ಇಳಿಸಿಟ್ಟು ಏರೋಪ್ಲೇನ್ ಮೋಡ್ ಹಾಕಬೇಕು. ಇಲ್ಲದಿದ್ದರೆ ಸಂತಾಪದ ಕರೆಯ ರಿಂಗ್‌ಟೋನೇ ಸ್ಪೀಕರಿನಲ್ಲಿ ಬರುತ್ತದೆ.

ಹದಿಮೂರನೇ ದಿನದ ಹಾಲ್

ಹಾಲ್ ಬುಕ್ ಮಾಡುವಾಗ ಮ್ಯಾನೇಜರ್ ಕೇಳುತ್ತಾರೆ: “ಮ್ಯೂಸಿಕ್ ಇದ್ಯಾ ಸರ್? ಎನ್‌ಒಸಿ ತಂದ್ರೆ ಮಾತ್ರ ಸೌಂಡ್.” ಎನ್‌ಒಸಿ ಎಂದರೆ ಹಾಡಿನ ಹಕ್ಕುದಾರರ ಆಕ್ಷೇಪಣೆ ಇಲ್ಲ ಎಂಬ ಪತ್ರ. ಅವರ ಮೇಲೆ ಸಿಟ್ಟಾಗಬೇಡಿ. ಲಾಭಕ್ಕಾಗಿ ಜಾಗ ಕೊಟ್ಟವರು, ಅಲ್ಲಿ ಉಲ್ಲಂಘನೆ ಆಗುತ್ತದೆಂದು ಗೊತ್ತಿದ್ದೂ ಬಿಟ್ಟರೆ, ಅವರೂ ಹೊಣೆಗಾರರು ಎಂದು ಕಲಂ 51 ಹೇಳುತ್ತದೆ. ಕಲಂ 63ರಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡದ ಮಾತಿದೆ. ಅವರ ಹೆದರಿಕೆಗೆ ಕಾರಣವಿದೆ.

ಇಲ್ಲಿ ನಾವು ಮಾಡುವ ಕೆಲಸ, ದಿನವನ್ನು ಗಡಿಯಾರದ ಪ್ರಕಾರ ಎರಡು ಹೋಳು ಮಾಡುವುದು. ಬೆಳಗ್ಗೆ 8ರಿಂದ 11 ಪುರೋಹಿತರು, ಅಯ್ಯನವರು ಅಥವಾ ಪಾದ್ರಿಗಳು ನಡೆಸುವ ವಿಧಿ, ಅದರ ಭಜನೆ. 11ರಿಂದ 1ರವರೆಗೆ ನುಡಿನಮನ: ಭಾಷಣ, ಭಾವಗೀತೆ, ಪರದೆಯ ಮೇಲೆ ಫೋಟೊ, ಆಮೇಲೆ ಊಟದ ಹೊತ್ತಿಗೆ ಮೆಲ್ಲಗೆ ಹಿನ್ನೆಲೆ ಸಂಗೀತ. ಮೊದಲ ಹೋಳು (ಝಡ್‌ಎ) ಕಲಮಿನ ಕೆಳಗೆ ಗಟ್ಟಿಯಾಗಿ ನಿಲ್ಲುತ್ತದೆ. ಎರಡನೆಯದನ್ನು ಧಾರ್ಮಿಕ ವಿಧಿ ಎಂದು ಎಳೆದು ತರುವುದು ನಮಗೆ ಸರಿಯೆನಿಸುವುದಿಲ್ಲ. ಊಟದ ಹಾಲ್‌ನಲ್ಲಿ ಸಿನಿಮಾ ಹಾಡು ಹಾಕುವುದು ಯಾವ ವಿಧಿಯೂ ಅಲ್ಲ, ಅದನ್ನು ಬರೆದು ಹಾಡಿದವರಿಗೆ ಸಲ್ಲಬೇಕಾದದ್ದು ಸಲ್ಲಬೇಕು. 2012ರ ತಿದ್ದುಪಡಿ ಆದಮೇಲೆ ಸಿನಿಮಾ ಹಾಡು ಚಿತ್ರಮಂದಿರದ ಆಚೆ ಬಳಕೆಯಾದಾಗ ಬರುವ ರಾಯಧನದಲ್ಲಿ ಸಾಹಿತಿಗೂ ಸಂಗೀತ ನಿರ್ದೇಶಕರಿಗೂ ಸಮಪಾಲು ಇದೆ, ಆ ಹಕ್ಕನ್ನು ಬರೆದುಕೊಡಲೂ ಬರುವುದಿಲ್ಲ. ನಾವು ಕಟ್ಟುವ ಹಣದಲ್ಲಿ ಒಂದು ಪಾಲು ಸಾಹಿತಿಯ ಮನೆಗೆ ಹೋಗುತ್ತದೆ ಎಂಬುದನ್ನು ತಿಳಿಸಿದರೆ ಮನೆಯವರು ಕೊಸರಾಡುವುದು ಕಡಿಮೆ.

ಮ್ಯಾನೇಜರಿಗೆ ಎರಡು ಪುಟದ ಪತ್ರ ಕೊಡುತ್ತೇವೆ. ತೀರಿಕೊಂಡವರ ಹೆಸರು, ಪತ್ರ ಬರೆದವರಿಗೆ ಅವರೇನಾಗಬೇಕು, ದಿನಾಂಕ, ವಿಧಿ ನಡೆಸುವವರ ಹೆಸರು, ವಿಧಿಯ ಆರಂಭ ಮತ್ತು ಮುಕ್ತಾಯದ ಸಮಯ, ಟಿಕೆಟ್ಟಾಗಲಿ ದೇಣಿಗೆಯಾಗಲಿ ಇಲ್ಲ ಎಂಬ ಸಾಲು, ಕಲಮಿನ ಪಠ್ಯ. ಎರಡನೇ ಪುಟದಲ್ಲಿ ನುಡಿನಮನದ ಹಾಡುಗಳ ಪಟ್ಟಿ, ಒಂದೊಂದರ ಮುಂದೆ ‘ಹಕ್ಕು ಮುಗಿದಿದೆ’ ಅಥವಾ ‘ಪರವಾನಗಿ ಸಂಖ್ಯೆ ಇಂಥದ್ದು’. ಸಾಮಾನ್ಯವಾಗಿ ಇಷ್ಟಕ್ಕೆ ಒಪ್ಪುತ್ತಾರೆ. “ವಿಧಿಗೂ ಕಟ್ಟಲೇಬೇಕು, ಇಲ್ಲದಿದ್ದರೆ ಕೇಸು” ಎಂದು ಯಾರಾದರೂ ಬೆದರಿಸಿದರೆ, ಆಧಾರವಿಲ್ಲದ ಬೆದರಿಕೆಯ ವಿರುದ್ಧ ನ್ಯಾಯಾಲಯಕ್ಕೆ ಹೋಗಲು ಕಲಂ 60 ದಾರಿ ಕೊಟ್ಟಿದೆ. ಅಲ್ಲಿಯವರೆಗೆ ಹೋಗುವ ಪ್ರಮೇಯ ಬರುವುದು ಅಪರೂಪ, ಕೇಳಿದ್ದನ್ನು ಬರಹದಲ್ಲಿ ಕೊಡಿ ಎಂದರೆ ಮಾತು ತಣ್ಣಗಾಗುತ್ತದೆ.

ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಮಾಡುವವರಿಗೆ ಇನ್ನೊಂದು ಅನುಕೂಲ. ನಿವಾಸಿಗಳ ಸಾಮಾನ್ಯ ಬಳಕೆಗೆಂದೇ ಇರುವ ಹಾಲ್‌ನಲ್ಲಿ, ನಿವಾಸಿಗಳಿಗೆ ಕೊಟ್ಟ ಸೌಲಭ್ಯದ ಭಾಗವಾಗಿ, ಧ್ವನಿಮುದ್ರಣ ಹಾಕುವುದಕ್ಕೆ ಕಲಂ 52(1)(ಕೆ)ಯಲ್ಲಿ ವಿನಾಯಿತಿ ಇದೆ. ಹೋಟೆಲು, ಬಾಡಿಗೆ ಛತ್ರಗಳಿಗೆ ಅದು ಅನ್ವಯಿಸುವುದಿಲ್ಲ. ಲಾಭದ ಉದ್ದೇಶವಿಲ್ಲದ ಸಂಘ ತನ್ನ ಸದಸ್ಯರಿಗಾಗಿ ಮಾಡುವ ಚಟುವಟಿಕೆಗೂ ಅದೇ ಕಲಂ. ಊರಿನ ಭಜನಾ ಮಂಡಳಿಯಂಥ ಹವ್ಯಾಸಿಗಳು ದುಡ್ಡು ಕೊಡದ ಸಭಿಕರ ಮುಂದೆ ತಾವೇ ಹಾಡಿದರೆ (ಎಲ್) ಉಪಕಲಂ ಕಾಯುತ್ತದೆ. ಅದು ಬಾಯಿಂದ ಹಾಡುವುದಕ್ಕೆ ಮಾತ್ರ, ಸಿಡಿಗೆ ಅಲ್ಲ.

ಪರವಾನಗಿ ತೆಗೆದುಕೊಳ್ಳಲೇಬೇಕಾದಾಗ ಎರಡು ಬಾಗಿಲು ತಟ್ಟಬೇಕಾಗುತ್ತದೆ. ಸಾಹಿತ್ಯ ಮತ್ತು ಸಂಯೋಜನೆಗೆ ಐಪಿಆರ್‌ಎಸ್. 1969ರಿಂದ ಇರುವ ಸಂಸ್ಥೆ, ಈಗ ನೋಂದಾಯಿತ ಕಾಪಿರೈಟ್ ಸೊಸೈಟಿ, ಅಂದರೆ ಹಕ್ಕುದಾರರ ಪರವಾಗಿ ಪರವಾನಗಿ ಕೊಟ್ಟು ಹಣ ಪಡೆಯುವ ಸಂಘ. ಧ್ವನಿಮುದ್ರಣಕ್ಕೆ, ಹಾಡು ಹೊರತಂದ ಕಂಪನಿಯ ಪರವಾಗಿ ಪರವಾನಗಿ ಕೊಡುವ ಸಂಸ್ಥೆ ಯಾವುದೆಂದು ನೋಡಬೇಕು: ಪಿಪಿಎಲ್ ಇರಬಹುದು, ನೋವೆಕ್ಸ್ ಇರಬಹುದು, ನೋಂದಾಯಿತ ಸೊಸೈಟಿಯಾದ ಆರ್‌ಎಂಪಿಎಲ್ ಇರಬಹುದು. ಸೊಸೈಟಿಯಾಗಿ ನೋಂದಾಯಿಸದವರು ಪರವಾನಗಿ ಕೊಡಬಹುದೇ ಎಂಬ ವ್ಯಾಜ್ಯ 2025ರಲ್ಲಿ ದೆಹಲಿ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೂ ಹೋಗಿದೆ. ಮೊದಲು ಹಾಡಿನ ಕಂಪನಿಯ ಹೆಸರು ಹುಡುಕಿ, ಆಮೇಲೆ ಅದು ಯಾರ ಪಟ್ಟಿಯಲ್ಲಿದೆ ಎಂದು ಆಯಾ ಜಾಲತಾಣದಲ್ಲಿ ನೋಡಿ, ಆಮೇಲೆ ಅರ್ಜಿ. ತಿರುಗುಮುರುಗಾಗಿ ಹೋದವರು ಒಂದು ಕಡೆ ದುಡ್ಡು ಕಟ್ಟಿ, ಹಾಡು ಇನ್ನೊಬ್ಬರ ಪಟ್ಟಿಯಲ್ಲಿರುವುದನ್ನು ಆಮೇಲೆ ನೋಡುತ್ತಾರೆ. ಎಲ್ಲ ಹಾಡಿಗೂ ಒಂದೇ ರಸೀದಿ ಸಾಕೆಂದು ತಿಳಿಯುವುದೂ ಇಂಥದೇ ತಪ್ಪು.

ಅರ್ಜಿಯಲ್ಲಿ ಕೇಳುವುದು ದಿನಾಂಕ, ಹಾಲ್‌ನ ವಿಳಾಸ, ಎಷ್ಟು ಜನ, ಟಿಕೆಟ್ ಇದೆಯೇ, ನೇರ ಗಾಯನವೋ ಧ್ವನಿಮುದ್ರಣವೋ ಇಂಥ ವಿವರ. ಜನರ ಸಂಖ್ಯೆ ಎಂದರೆ ಊಟಕ್ಕೆ ಹೇಳಿದ ಎಲೆಗಳ ಲೆಕ್ಕ ಬರೆಯಬೇಡಿ. ಊಟಕ್ಕೆ 600 ಜನ ಪಂಕ್ತಿ ಪಂಕ್ತಿಯಾಗಿ ಬಂದು ಹೋದರೂ ನುಡಿನಮನಕ್ಕೆ ಕೂರುವುದು 150 ಜನ. ದರ ನಿಲ್ಲುವುದು ಆ ಸಂಖ್ಯೆಯ ಮೇಲೆ. ಸಾವಾಗಿ ಆರೇಳನೇ ದಿನಕ್ಕೆ ಅರ್ಜಿ ಹಾಕಿಬಿಡಬೇಕು. ಹನ್ನೆರಡನೇ ದಿನ ಸಂಜೆ ಕೂತರೆ ರಸೀದಿ ಕೈಗೆ ಬರುವಷ್ಟರಲ್ಲಿ ಎಲೆ ಎತ್ತಿರುತ್ತಾರೆ.

ನಮ್ಮನ್ನು ಕೇಳಿದರೆ, ನುಡಿನಮನಕ್ಕೆ ಧ್ವನಿಮುದ್ರಣ ಹಾಕುವುದಕ್ಕಿಂತ ಮೊಮ್ಮಗಳು ಎದ್ದು ನಿಂತು ಒಂದು ದಾಸರ ಪದ ಹಾಡಲಿ. ಶ್ರುತಿ ಸ್ವಲ್ಪ ಜಾರಿದರೂ ಪರವಾಗಿಲ್ಲ. ಸಾಹಿತ್ಯ ಮುಕ್ತ, ಧಾಟಿ ಮನೆಯಲ್ಲಿ ಅಜ್ಜಿಯಿಂದ ಬಂದದ್ದು, ಧ್ವನಿ ಅವಳದೇ. ಹಾಳೆಯ ಮೂರೂ ಮನೆ ಖಾಲಿ. ಆ ಹಾಡು ಹಾಲ್‌ನಲ್ಲೂ ನಡೆಯುತ್ತದೆ, ಲೈವ್‌ನಲ್ಲೂ ನಡೆಯುತ್ತದೆ.

ಲೈವ್ ಲಿಂಕ್

ಹೆಚ್ಚು ಕೆಡುವುದು ಇಲ್ಲಿ. ಒಂದಕ್ಕಿಂತ ಹೆಚ್ಚು ಮನೆಗಳಿಗೆ ಏಕಕಾಲಕ್ಕೆ ತಲುಪಿಸಿದರೆ ಅದು ‘ಸಾರ್ವಜನಿಕರಿಗೆ ತಲುಪಿಸುವುದು’ ಎಂದೇ ಆಗುತ್ತದೆ ಎಂದು ಕಲಂ 2(ಎಫ್‌ಎಫ್) ಸ್ಪಷ್ಟವಾಗಿ ಹೇಳಿದೆ. “ನಮ್ಮ ನೆಂಟರು ಮಾತ್ರ ನೋಡೋದು” ಎಂಬ ಮಾತಿಗೆ ಹಾಗಾಗಿ ಬಲವಿಲ್ಲ. ವಿಧಿಯ ನಡುವೆ ಪ್ರಸಾರವಾದದ್ದು (ಝಡ್‌ಎ) ಕಲಮಿನೊಳಗೇ ಇದೆ ಎಂದು ವಾದಿಸಲು ಜಾಗವಿದೆ. ಆದರೆ ಲೈವ್ ನಿಲ್ಲಿಸುವ ಯಂತ್ರ ಆ ವಾದವನ್ನು ಕೇಳಿಸಿಕೊಳ್ಳುವುದಿಲ್ಲ. ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆ ಬರುವ ಧ್ವನಿಯನ್ನು ತನ್ನಲ್ಲಿರುವ ಮುದ್ರಣಗಳ ಜೊತೆ ತಾಳೆ ನೋಡುತ್ತದೆ. ಹೊಂದಿದರೆ ಮೊದಲು ಎಚ್ಚರಿಕೆ, ಹಾಡು ಮುಂದುವರಿದರೆ ಚಿತ್ರದ ಜಾಗಕ್ಕೆ ಸ್ಥಿರಚಿತ್ರ, ಕೊನೆಗೆ ಪ್ರಸಾರವೇ ಬಂದ್. ಲಿಂಕನ್ನು ಅನ್‌ಲಿಸ್ಟೆಡ್ (ಲಿಂಕ್ ಸಿಕ್ಕವರಿಗಷ್ಟೇ ಕಾಣುವಂತೆ) ಮಾಡಿದರೂ ತಾಳೆ ನೋಡುವುದು ತಪ್ಪುವುದಿಲ್ಲ.

ಹೊಸ ಚಾನೆಲ್‌ನಲ್ಲಿ ಲೈವ್ ಸೌಲಭ್ಯ ತೆರೆಯಲು 24 ಗಂಟೆಯವರೆಗೆ ಹಿಡಿಯುತ್ತದೆ, ಫೋನಿನಿಂದ ಲೈವ್ ಹೋಗಲು 50 ಚಂದಾದಾರರು ಬೇಕು. ನಮ್ಮ ಕಡೆ ಸಂಸ್ಕಾರ 24 ಗಂಟೆಯೊಳಗೇ ಮುಗಿದುಹೋಗುತ್ತದೆ. ಹಾಗಾಗಿ ಸತ್ತ ದಿನ ಹೊಸ ಚಾನೆಲ್ ತೆರೆಯುವ ಯೋಚನೆ ಬೇಡ. ಜೂಮ್ ಆದರೆ ಉಚಿತ ಖಾತೆ 40 ನಿಮಿಷಕ್ಕೆ ಕತ್ತರಿಸುತ್ತದೆ. ಒಂದು ತಿಂಗಳಿನ ದುಡ್ಡು ಕಟ್ಟಿದ ಖಾತೆ ಇಟ್ಟುಕೊಳ್ಳುವುದೇ ಮೇಲು.

ಜೋಡಣೆ ಹೀಗೆ. ಮಿಕ್ಸರಿನ ಮೇನ್ ಔಟ್ ಸ್ಪೀಕರಿಗೆ. ಲೈವ್‌ಗೆ ಆಕ್ಸ್ ಔಟ್‌ನಿಂದ (ಬೇಕಾದ ಚಾನೆಲ್‌ಗಳನ್ನಷ್ಟೇ ಆರಿಸಿ ಕಳಿಸುವ ಇನ್ನೊಂದು ಹೊರದಾರಿ) ಪ್ರತ್ಯೇಕ ಧ್ವನಿ, ಅದು ಯುಎಸ್‌ಬಿ ಆಡಿಯೊ ಇಂಟರ್ಫೇಸ್ ಮೂಲಕ ಲ್ಯಾಪ್‌ಟಾಪಿಗೆ. ಪುರೋಹಿತರ ಮೈಕ್, ಹಾಡುವವರ ಮೈಕ್‌ಗಳ ಆಕ್ಸ್ ಗುಂಡಿ ಅರ್ಧಕ್ಕೆ. ಪೆನ್‌ಡ್ರೈವ್ ಹಾಡು ಬರುವ ಚಾನೆಲಿನ ಆಕ್ಸ್ ಗುಂಡಿ ಪೂರ್ತಿ ಸೊನ್ನೆಗೆ, ಅದರ ಮೇಲೊಂದು ಬಿಳಿ ಟೇಪ್, ಅವಸರದಲ್ಲಿ ಯಾರೂ ತಿರುಗಿಸದಂತೆ. ಅಂಗಳದಲ್ಲಿ ಎಲ್ಲರಿಗೂ ಹಾಡು ಕೇಳುತ್ತದೆ, ಲೈವ್‌ಗೆ ಹೋಗುವುದಿಲ್ಲ.

ಇಷ್ಟು ಮಾಡಿಯೂ ಸಿಕ್ಕಿಬೀಳುವುದು ಎರಡು ಕಾರಣಕ್ಕೆ. ಕ್ಯಾಮೆರಾದ ಒಳಮೈಕ್ ಚಾಲೂ ಇದ್ದರೆ ಸ್ಪೀಕರಿನ ಹಾಡನ್ನು ಅದೇ ಹಿಡಿದು ಕಳಿಸುತ್ತದೆ. ಹಾಗಾಗಿ ಲ್ಯಾಪ್‌ಟಾಪಿನಿಂದ ಲೈವ್ ಕಳಿಸುವ ಓಬಿಎಸ್ ತಂತ್ರಾಂಶದಲ್ಲಿ ಕ್ಯಾಮೆರಾದ ಧ್ವನಿಪಟ್ಟಿಯನ್ನು ಮ್ಯೂಟ್ ಮಾಡಿ, ಪಟ್ಟಿಯಲ್ಲಿ ಹಸಿರು ಅಲುಗಾಡುತ್ತಿಲ್ಲ ಎಂಬುದನ್ನು ಕಣ್ಣಾರೆ ನೋಡಬೇಕು. ಎರಡನೆಯದು ಪುರೋಹಿತರ ಮೈಕ್ ಸ್ಪೀಕರಿಗೆ ಎದುರಾಗಿ ಇರುವುದು. ಹಾಡು ಹಾಕುವಾಗ ಆ ಮೈಕನ್ನು ಮುಚ್ಚಿ ಲೈವ್‌ಗೆ ತಂಬೂರಿಯ ಶ್ರುತಿಯನ್ನಷ್ಟೇ ಬಿಡುತ್ತೇವೆ. ದೂರದಲ್ಲಿ ಕೂತು ನೋಡುವವರಿಗೆ ಏನೂ ಕೇಳದೆ ಹೋದರೆ ‘ಕಟ್ ಆಯ್ತು’ ಎಂದು ಗಾಬರಿಯಾಗುತ್ತದೆ. ಶ್ರುತಿ ಕೇಳುತ್ತಿದ್ದರೆ ಅವರೂ ಅಲ್ಲೇ ಕೂತ ಹಾಗಿರುತ್ತದೆ.

ಮನೆಮಂದಿಯೇ ಹಾಡಿದ ಹಳೆಯ ಪದಕ್ಕೂ ಧಾಟಿ ಹೋಲಿತೆಂದು ಕ್ಲೇಮ್ (ಈ ಹಾಡು ನಮ್ಮದು ಎಂಬ ಹಕ್ಕುಸಾಧನೆ) ಬರುವುದುಂಟು. ಅದಕ್ಕೆ ತಕರಾರು ಸಲ್ಲಿಸಬಹುದು: ‘ಸಾಹಿತ್ಯ 16ನೇ ಶತಮಾನದ್ದು, ಸಾಂಪ್ರದಾಯಿಕ ಧಾಟಿ, ನೇರ ಗಾಯನ’ ಎಂದು ಎರಡು ಸಾಲು ಸಾಕು. ಕ್ಲೇಮ್ ಮಾಡಿದವರಿಗೆ ಉತ್ತರಿಸಲು 30 ದಿನ ಇರುತ್ತದೆ. ನಿಜವಾಗಿಯೂ ಸಿಡಿ ಹಾಕಿದ್ದರೆ ತಕರಾರು ಬೇಡ. ಯೂಟ್ಯೂಬ್ ಸ್ಟುಡಿಯೊದಲ್ಲಿ ಆ ಹಾಡನ್ನಷ್ಟೇ ಮ್ಯೂಟ್ ಮಾಡುವ, ಆ ಭಾಗ ಕತ್ತರಿಸುವ ಸೌಲಭ್ಯ ಇದೆ. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ; ಸ್ಟ್ರೈಕ್ ಎಂದರೆ ಹಕ್ಕುದಾರರ ದೂರಿನ ಮೇಲೆ ವಿಡಿಯೊ ತೆಗೆದುಹಾಕಿ ಚಾನೆಲ್ಲಿಗೆ ಕೊಡುವ ಎಚ್ಚರಿಕೆ. 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಕ್ಲೇಮ್‌ಗೆ ಹೆದರಿ ಅಳಿಸುವುದೂ ಬೇಡ, ಸ್ಟ್ರೈಕನ್ನು ಲೆಕ್ಕಿಸದೆ ಕೂರುವುದೂ ಬೇಡ.

ಹೊರದೇಶದಲ್ಲೇ ತೀರಿಕೊಂಡ ಕನ್ನಡಿಗರ ವಿಷಯ ಚಿಕ್ಕದಾಗಿ. ಬ್ರಿಟನ್ನಿನಲ್ಲಿ ಚಿತಾಗಾರದ ಚಾಪೆಲ್ಲಿಗೆ (ಪ್ರಾರ್ಥನಾ ಕೊಠಡಿಗೆ) ಅಲ್ಲಿನ ಹಾಡಿನ ಹಕ್ಕಿನ ಸಂಸ್ಥೆ ಪಿಪಿಎಲ್ ಪಿಆರ್‌ಎಸ್ ಕೊಡುವ ಪರವಾನಗಿ ಇರುತ್ತದೆ, ಮನೆಯವರು ಬೇರೆ ಪಡೆಯಬೇಕಿಲ್ಲ. ಅಲ್ಲಿನ ತೊಡಕು ಬೇರೆ: ಬಹಳಷ್ಟು ಕಡೆ ಒಬಿಟಸ್‌ನಂಥ ವ್ಯವಸ್ಥೆಯಿಂದ ಹಾಡು ಬರುತ್ತದೆ, ಅದರ ಭಂಡಾರದಲ್ಲಿ ಕನ್ನಡದ ಹಾಡು ಇಲ್ಲದಿದ್ದರೆ ಫೈಲನ್ನು ಮೊದಲೇ ಕಳಿಸಿರಬೇಕು. ಅಂದು ಬೆಳಗ್ಗೆ ಫೋನ್ ಹಿಡಿದುಕೊಂಡು ಹೋದರೆ ನಡೆಯುವುದಿಲ್ಲ. ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ, ಮೊದಲಿಗೆ 1, 2, 3 ಎಂದು ಕ್ರಮಸಂಖ್ಯೆ ಹಾಕಿ ಕಳಿಸಿ. ಕನ್ನಡ ಓದಲು ಬಾರದ ಸಿಬ್ಬಂದಿ ಒಳಗೆ ತರುವಾಗಿನ ಹಾಡನ್ನೂ ಕೊನೆಯ ಹಾಡನ್ನೂ ಅದಲುಬದಲು ಮಾಡದಿರಲಿ. ಅಮೆರಿಕದಲ್ಲಿ ಪೂಜಾಸ್ಥಳದಲ್ಲಿ ನಡೆಯುವ ಆರಾಧನೆಯಲ್ಲಿ ಹಾಡಿದರೆ ಅಲ್ಲಿನ ಕಾಯ್ದೆಯ ಕಲಂ 110(3) ವಿನಾಯಿತಿ ಕೊಡುತ್ತದೆ. ಫ್ಯೂನರಲ್ ಹೋಮಿನಲ್ಲಾದರೆ ಆ ಸಂಸ್ಥೆ ಅಲ್ಲಿನ ಹಾಡಿನ ಹಕ್ಕಿನ ಸಂಸ್ಥೆಗಳಾದ ಆಸ್ಕ್ಯಾಪ್, ಬಿಎಂಐ, ಸೆಸ್ಯಾಕ್‌ಗಳ ಪರವಾನಗಿ ಇಟ್ಟುಕೊಂಡಿದೆಯೇ ಎಂದು ಕೇಳಿಕೊಳ್ಳಿ. ಎರಡೂ ದೇಶಗಳಲ್ಲಿ ಚಾಪೆಲ್ಲಿನ ಪರವಾನಗಿ ಬೇರೆ, ವೆಬ್‌ಕಾಸ್ಟಿನದು ಬೇರೆ.

ನೆನಪಿನ ವಿಡಿಯೊ

ಕೊನೆಗೆ ಉಳಿಯುವುದು ಫೋಟೊಗಳಿಗೆ ಹಾಡು ಜೋಡಿಸಿದ ವಿಡಿಯೊ. ಧಾರ್ಮಿಕ ವಿಧಿಯ ವಿನಾಯಿತಿ ಹಾಡುವುದಕ್ಕೆ, ಕೇಳಿಸುವುದಕ್ಕೆ. ಪ್ರತಿ ಮಾಡಿ ಚಿತ್ರಕ್ಕೆ ಅಂಟಿಸುವುದಕ್ಕಲ್ಲ. ಮನೆಯಲ್ಲೇ ಇಟ್ಟುಕೊಂಡು ನೋಡುವ ಪ್ರತಿಯನ್ನು ಸ್ವಂತ ಬಳಕೆ ಎಂದು ಹೇಳಬಹುದು. ಅದನ್ನೇ ಫೇಸ್‌ಬುಕ್ಕಿಗೆ ಏರಿಸಿದರೆ ಆ ಮಾತು ನಿಲ್ಲುವುದಿಲ್ಲ.

ಹಾಗಾಗಿ ಓಬಿಎಸ್‌ನಲ್ಲಿ ಮೊದಲಿಂದಲೇ ಎರಡು ಧ್ವನಿಪಟ್ಟಿಯಲ್ಲಿ ದಾಖಲಿಸುತ್ತೇವೆ: ಒಂದರಲ್ಲಿ ಅಂಗಳದಲ್ಲಿ ಕೇಳಿದ್ದೆಲ್ಲ, ಇನ್ನೊಂದರಲ್ಲಿ ಮೈಕ್‌ಗಳದ್ದು ಮಾತ್ರ. ಫೈಲ್ ಎಂಕೆವಿ ಆಗಿರಬೇಕು, ಸಾಧಾರಣ ಎಂಪಿ4 ಆದರೆ ನಡುವೆ ಕರೆಂಟು ಹೋದಾಗ ಪೂರ್ತಿ ಕೆಡಬಹುದು. ವಾರದೊಳಗೆ ಎರಡು ಪ್ರತಿ ತಯಾರಾಗುತ್ತವೆ. ‘ಮನೆಗೆ’ ಎಂದು ಹೆಸರಿಟ್ಟದ್ದರಲ್ಲಿ ಅಪ್ಪನ ಇಷ್ಟದ ಹಾಡೂ ಇರುತ್ತದೆ. ‘ಹಂಚಲು’ ಎಂಬುದರಲ್ಲಿ ಆ ಜಾಗದಲ್ಲಿ ಶ್ರುತಿ, ಮೊಮ್ಮಗಳ ದಾಸರ ಪದ. ಎರಡನ್ನೂ ಅವರದೇ ಪೆನ್‌ಡ್ರೈವ್‌ಗೆ ಹಾಕಿ, ಹಾಡುಗಳ ಹಾಳೆಯ ಜೊತೆ ಮನೆಗೆ ಮುಟ್ಟಿಸುತ್ತೇವೆ. ವರ್ಷಾಬ್ದಿಕಕ್ಕೆ ಮತ್ತೆ ಹಾಲ್ ಬುಕ್ ಮಾಡುವಾಗ ಅದೇ ಹಾಳೆ ಬೇಕಾಗುತ್ತದೆ, ಜೋಪಾನವಾಗಿ ಇಟ್ಟಿರಲು ಹೇಳುತ್ತೇವೆ.